ಕಾವಲಿಗೆ ಸುಣ್ಣ

"ನಮ್ಮ ದನದ ಕಾವಲಿನ ಹುಲ್ಲು ತಿಂದ ಹೋರಿ ಬೆಟ್ಟವನ್ನೇ ಎಳೆಯುತ್ತದೆ!" ಎಂದು ಅರಸ ಬೊಮ್ಮರಸ ಮೀಸೆ ತಿರುವಿದ.

"ತಿಂದರೆ ತಾನೇ, ಪ್ರಭು?" ಎಂದ ಕರಿಗ.

ಕರಿಗ ಆಸ್ಥಾನದ ವಿದೂಷಕ. ಕಾಗುಣಿತ ಮುಗಿಯುವ ಮೊದಲೇ ಮಠದ ಗೋಡೆ ಹಾರಿ ಬಂದವನು. ನಾಲಿಗೆ ಯಾವಾಗಲೂ ಬುದ್ಧಿಗಿಂತ ಒಂದು ಮಾರು ಮುಂದೆ.

"ಏನೆಂದೆ?"

ಆಡಿದ ಮಾತನ್ನು ಇನ್ನು ನುಂಗಿಕೊಳ್ಳುವಂತಿರಲಿಲ್ಲ. "ದನಗಳು ಮೂಸಿ ಮುಂದೆ ಹೋಗುತ್ತಿವೆ, ಪ್ರಭು. ನೆಲ ಹುಳಿಯಾಗಿದೆ. ಒಳ್ಳೆ ಹುಲ್ಲು ಹೋಗಿ ಒರಟು ಹುಲ್ಲು ಉಳಿದಿದೆ. ಸುಣ್ಣದ ಪುಡಿ ಎರಚಿದರೆ ಸರಿಹೋದೀತು."

ಕಾವಲಿನ ಅಧಿಕಾರಿ ಸಿಂಗಣ್ಣ ಹೊಟ್ಟೆ ಹಿಡಿದು ನಕ್ಕ. "ಸುಣ್ಣವೇ! ಜೊತೆಗೆ ಎಲೆ ಅಡಿಕೆಯೂ ಬೇಕೇನಪ್ಪಾ ನೆಲಕ್ಕೆ?"

"ಎರಚು," ಎಂದ ಅರಸ. "ಆದರೆ ಅದು ನಮ್ಮ ಅಜ್ಜ ಬೆಳೆಸಿದ ಹುಲ್ಲು. ನೇಗಿಲು ಮುಟ್ಟಿಸಬೇಡ, ಒಂದು ಬೇರೂ ಅಲುಗಬಾರದು. ಬರುವ ಅಮಾವಾಸ್ಯೆಗೆ ಎಳೆ ಹುಲ್ಲು ಕಾಣಬೇಕು. ಇಲ್ಲದಿದ್ದರೆ ನಿನ್ನ ಪದವಿ ಹೋಯಿತು, ಗೋಶಾಲೆಯಲ್ಲಿ ಸಗಣಿ ಬಾಚುತ್ತಿರು."

ಉಳದೆ, ಬರೀ ಮೇಲೆ ಎರಚಿದ ಸುಣ್ಣ ಬೇರಿಗಿಳಿಯಲು ಮಳೆಗಾಲಗಳೇ ಬೇಕು. ಕರಿಗ ತಲೆ ಕೆರೆದುಕೊಂಡ.

"ಒಂದೇ ಬೇಡಿಕೆ, ಪ್ರಭು. ತಮ್ಮ ಅಪ್ಪಣೆ ಅರಮನೆಯಿಂದ ಕಾವಲಿಗೆ ತಲುಪಲು ಎಷ್ಟು ಕಾಲವೋ, ನನ್ನ ಸುಣ್ಣಕ್ಕೆ ಅದರ ಎರಡರಷ್ಟು ಕೊಡಿ."

"ಹುಚ್ಚಪ್ಪಾ! ನಮ್ಮ ಅಪ್ಪಣೆ ಗಾಳಿಗಿಂತ ಮೊದಲು ತಲುಪುತ್ತದೆ. ಕೊಟ್ಟೆ, ಹೋಗು!"

ಅಮಾವಾಸ್ಯೆ ಬಂತು, ಅರಸನೂ ಸಿಂಗಣ್ಣನೊಡನೆ ಕಾವಲಿಗೆ ಬಂದ. ಕಾವಲು ಇದ್ದ ಹಾಗೇ ಇತ್ತು. ಬದಲಾದವನು ಕರಿಗನೊಬ್ಬನೇ, ಎರಚಿದ ಪುಡಿ ಮೈಗೆ ಮೆತ್ತಿ ಹಬ್ಬಕ್ಕೆ ಸುಣ್ಣ ಬಳಿದ ಗೋಡೆಯ ಹಾಗೆ ನಿಂತಿದ್ದ.

"ಎಳೆ ಹುಲ್ಲು ಎಲ್ಲೋ?"

"ಸುಣ್ಣ ಇಳಿಯುತ್ತಿದೆ, ಪ್ರಭು."

"ಇಳಿಯುವುದು ನಿನ್ನ ಪೇಟ!"

"ಆಗಲಿ. ಸಗಣಿ ಬಾಚಿದ ಮೇಲೆ ಕೈ ತೊಳೆಯಬೇಕಲ್ಲ, ಆ ಕಲ್ಲಿನ ತೊಟ್ಟಿ ಎಲ್ಲಿದೆ? ದನಗಳ ನೀರಿಗೆ ಕಟ್ಟಿಸಲು ಹೋದ ದಸರೆಯಲ್ಲೇ ಅಪ್ಪಣೆಯಾಗಿತ್ತಲ್ಲ?"

ಅರಸ ಸುತ್ತ ನೋಡಿದ. ತೊಟ್ಟಿಯೂ ಇಲ್ಲ, ತೊಟ್ಟಿಯ ಕಲ್ಲೂ ಇಲ್ಲ. "ಸಿಂಗಣ್ಣಾ?"

ಸಿಂಗಣ್ಣ ಬೆವರಿದ. "ಮಂತ್ರಿಗಳು ಕರಣಿಕರಿಗೆ ಹೇಳಿದ್ದಾರೆ, ಪ್ರಭು. ಕರಣಿಕರು ನನಗೆ ಹೇಳಿದ್ದಾರೆ. ನಾನು ಕಲ್ಲುಕುಟಿಗನಿಗೆ ಇನ್ನೇನು ಹೇಳಬೇಕು..."

"ನೋಡಿದಿರಾ?" ಎಂದ ಕರಿಗ. "ಕುದುರೆ ಏರಿ ಬರುವ ಅಪ್ಪಣೆಯೇ ಇನ್ನೂ ದಾರಿಯಲ್ಲಿದೆ. ಸುಣ್ಣಕ್ಕೆ ಕಾಲೂ ಇಲ್ಲ. ಪಾಪ, ಮಳೆಯ ಕೈ ಹಿಡಿದು ಬರಬೇಕು."

ಅರಸನಿಗೆ ನಗು ತಡೆಯಲಾಗಲಿಲ್ಲ. "ಸೋತೆ ಮಾರಾಯ! ಎರಡು ಮಳೆಗಾಲ ಕೊಟ್ಟೆ, ಪದವಿಯೂ ಇರಲಿ. ಈ ಸುಣ್ಣದ ವಿದ್ಯೆ ಕಲಿಸಿದ ಗುರು ಯಾರು?"

"ನನ್ನ ಕತ್ತೆ, ಪ್ರಭು. ಹಗ್ಗ ಕಿತ್ತುಕೊಂಡಾಗಲೆಲ್ಲ ಸುಣ್ಣ ಸುಡುವ ಗೂಡಿನ ಪಕ್ಕದ ಹುಲ್ಲಿಗೇ ಓಡುತ್ತಿತ್ತು. ಯಾಕೆಂದು ನನಗೆ ಹೊಳೆಯಲು ವರ್ಷಗಳೇ ಬೇಕಾದವು."

"ಹಾಗಾದರೆ ಅದನ್ನೂ ಆಸ್ಥಾನಕ್ಕೆ ಕರೆತಾ, ಶಾಲು ಹೊದಿಸೋಣ!"

ಕರಿಗ ದಡಕ್ಕನೆ ಕಾಲಿಗೆ ಬಿದ್ದ. "ಅದೊಂದು ಬೇಡ, ಪ್ರಭು! ಅದು ಒಳಗೆ ಬಂದರೆ ನನ್ನನ್ನು ಯಾರು ಇಟ್ಟುಕೊಳ್ಳುತ್ತಾರೆ?"