ಬಾಯಲ್ಲಿ ಹೇಳಿದ ಬೆಲೆ

"ಗುರುಗಳೇ, ಯುದ್ಧದ ಖರ್ಚನ್ನು ಕೊನೆಗೆ ಕೊಡುವವರು ಯಾರು?" ಎಂದು ಅಡಿವೆಪ್ಪ ಕೇಳಿದ. ಅವನದು ವ್ಯಾಪಾರಸ್ಥರ ಮನೆತನ. "ಸೋತವರು ಕೊಡುತ್ತಾರೆ, ಅದರಲ್ಲಿ ಕೇಳುವುದೇನಿದೆ ಅಂತ ನಮ್ಮಪ್ಪ ಹೇಳುತ್ತಾರೆ."

"ನಿಮ್ಮಪ್ಪ ವ್ಯಾಪಾರ ಬಲ್ಲವರು. ನೀನೂ ಒಂದು ವ್ಯಾಪಾರದ ಕತೆ ಕೇಳು" ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಎತ್ತಿನ ವ್ಯಾಪಾರಿಯಿದ್ದ. ಎರಡು ದೇಶಗಳ ನಡುವಿನ ಯುದ್ಧ ಮುಗಿದು ವರ್ಷವಾಗಿತ್ತು. ಗಡಿಯ ಬಳಿಯ ಸಂತೆಗೆ ಒಳ್ಳೊಳ್ಳೆಯ ಎತ್ತುಗಳು ರಾಶಿ ರಾಶಿ ಬರುತ್ತಿವೆ, ಕೊಳ್ಳುವವರಿಲ್ಲ ಎಂಬ ಸುದ್ದಿ ಅವನ ಕಿವಿಗೆ ಬಿತ್ತು. ಮಾರುವವರು ಹೆಚ್ಚಿದ್ದು ಕೊಳ್ಳುವವರು ಕಡಿಮೆಯಿದ್ದಲ್ಲಿಗೆ ಹೋಗಬೇಕಾದವನೇ ವ್ಯಾಪಾರಿ. ಅವನು ಹೊರಟ.

ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಕೊಳ್ಳುವವನು ಹೆಗಲ ಮೇಲಿನ ವಸ್ತ್ರವನ್ನು ಕೈಮೇಲೆ ಹಾಸುತ್ತಾನೆ. ಮಾರುವವನು ಅದರ ಕೆಳಗೆ ಬೆರಳು ಚಾಚುತ್ತಾನೆ. ಒಂದು ಬೆರಳಿಗೆ ಹತ್ತು ಸಾವಿರ. ಬೇಡದ ಬೆರಳನ್ನು ಮಡಚಿಕೊಳ್ಳುತ್ತಾನೆ. ಬೆಲೆ ಐದು ಬೆರಳಿಗೂ ಹೆಚ್ಚಿದ್ದರೆ ಮತ್ತೊಮ್ಮೆ ಚಾಚುತ್ತಾನೆ. ಕೊಳ್ಳುವವನು ಆ ಬೆರಳುಗಳನ್ನು ಹಿಡಿದು ಜಗ್ಗಿದನೆಂದರೆ ಒಪ್ಪಿದ ಹಾಗೆ. ಅಲ್ಲಿಗೆ ಮಾತು ಮುಗಿಯಿತು. ದೇವರೇ ಬಂದರೂ ಬದಲಾಗುವುದಿಲ್ಲ.

ವ್ಯಾಪಾರಿ ಸಂತೆಯಲ್ಲಿ ಸುತ್ತಾಡಿದ. ಬಿಸಿಲು ಏರಿದ್ದರೂ ರೈತರೆಲ್ಲ ಕಂಬಳಿ ಹೊದ್ದು ನಿಂತಿದ್ದರು. ಜಗಳವಿಲ್ಲ, ಚೌಕಾಸಿಯಿಲ್ಲ. ಇದೆಂಥ ಸಂತೆ ಎಂದುಕೊಂಡು ಅವನು ಒಬ್ಬ ರೈತನ ಮುಂದೆ ನಿಂತ. ಎತ್ತುಗಳ ಹಲ್ಲು ನೋಡಿದ, ಗೊರಸು ನೋಡಿದ. ಜೋಡಿಗೆ ಎಂಬತ್ತು ಸಾವಿರ ಧಾರಾಳವಾಗಿ ಬಾಳುತ್ತಿತ್ತು. ನೋಡಿದ್ದನ್ನು ಮುಖದಲ್ಲಿ ತೋರಿಸದೆ ವಸ್ತ್ರ ಹಾಸಿದ.

ರೈತ ಕೈ ಚಾಚಲಿಲ್ಲ.

"ಏನಪ್ಪಾ, ಎತ್ತು ಮಾರೋಕೆ ಬಂದೆಯೋ, ಹೆಣ್ಣು ತೋರಿಸೋಕೆ ಬಂದೆಯೋ?" ಎಂದು ಪಕ್ಕದಲ್ಲಿ ನಿಂತಿದ್ದ ಸಂತೆಯ ದಲ್ಲಾಳಿ ರೇಗಿಸಿದ. "ಕಂಬಳಿಯೊಳಗಿಂದ ಕೈ ತೆಗಿ ಮಾರಾಯ, ಸಾಹುಕಾರರು ನಿನ್ನ ಬಳೆ ಎಣಿಸೋದಿಲ್ಲ."

ರೈತ ನಗಲಿಲ್ಲ. ಮೆಲ್ಲಗೆ ಬಲಗೈಯನ್ನು ವಸ್ತ್ರದ ಕೆಳಗೆ ಇಟ್ಟ.

ವ್ಯಾಪಾರಿಯ ಕೈಗೆ ಎರಡು ಬೆರಳು ಸಿಕ್ಕವು. ಉಳಿದವನ್ನು ಮಡಚಿದ್ದಾನೆ ಎಂದುಕೊಂಡ. ಇಂಥ ಜೋಡಿಗೆ ಇಪ್ಪತ್ತು ಸಾವಿರ! ರೈತನ ಮನಸ್ಸು ತಿರುಗುವ ಮೊದಲೇ ಮುಗಿಸಬೇಕೆಂದು ಎರಡನ್ನೂ ಗಟ್ಟಿಯಾಗಿ ಹಿಡಿದು ಜಗ್ಗಿದ. "ಆಯಿತು!" ಎಂದು ದಲ್ಲಾಳಿ ಕೂಗಿದ.

"ಸಾಹುಕಾರರೇ, ನಾನಿನ್ನೂ ಶುರುವೇ ಮಾಡಿರಲಿಲ್ಲ" ಎಂದ ರೈತ. "ಎರಡೆರಡಾಗಿ ನಾಲ್ಕು ಸಲ ಹಿಡಿಸಬೇಕಿತ್ತು."

ವ್ಯಾಪಾರಿ ವಸ್ತ್ರ ಎತ್ತಿದ. ಆ ಕೈಯಲ್ಲಿ ಇದ್ದದ್ದೇ ಎರಡು ಬೆರಳು.

ಮೂವತ್ತು ವರ್ಷ ಸಂತೆ ಮಾಡಿದ ಮನುಷ್ಯ ಅವನು. ಹಿಡಿದ ಕೈಯನ್ನು ಬಿಡಬೇಕೆಂಬುದೂ ಅವನಿಗೆ ಹೊಳೆಯಲಿಲ್ಲ. "ಯುದ್ಧದಲ್ಲಿ ಹೋದವೇ?" ಎಂದು ಕೇಳಿದ.

"ಯುದ್ಧಕ್ಕೆ ನಾನೆಲ್ಲಿ ಹೋದೆ? ಎಲ್ಲ ಮುಗಿದ ಮೇಲೆ ಬದುವಿನ ಹುಲ್ಲು ಕೊಯ್ಯುತ್ತಿದ್ದೆ. ಕುಡುಗೋಲು ತಗುಲಿತು. ಶತ್ರು ಬರದಿರಲಿ ಅಂತ ನಮ್ಮ ಸೈನ್ಯದವರೇ ಹೊಲದಲ್ಲಿ ನೆಲಬಾಂಬ್ ಹೂತಿದ್ದರು. ಶತ್ರು ಈ ಕಡೆ ಬರಲೇ ಇಲ್ಲ. ಮಳೆಗಾಲದಲ್ಲಿ ಹಳ್ಳ ಬಂದು ಅವನ್ನೆಲ್ಲ ಎಲ್ಲೆಲ್ಲಿಗೋ ಸರಿಸಿಬಿಟ್ಟಿತು. ಈಗ ಹೂತವರಿಗೂ ಗೊತ್ತಿಲ್ಲ. ಹುಲ್ಲು ಆಳೆತ್ತರ ಬೆಳೆದಿದೆ, ದನ ಹಸಿದಿವೆ, ಕೊಯ್ಯುವವರಿಲ್ಲ."

"ತೆಗೆಸಬಾರದೇ?"

"ಕೇಳಿದೆವು. ಒಂದನ್ನು ಹೂಳುವುದಕ್ಕೆ ಒಂದು ಜೊತೆ ಚಪ್ಪಲಿಯ ದುಡ್ಡು ಸಾಕಂತೆ. ತೆಗೆಯುವುದಕ್ಕೆ ಒಂದು ಜೊತೆ ಎತ್ತಿನ ದುಡ್ಡು ಬೇಕಂತೆ. ಹೂಳುವುದಕ್ಕೆ ದುಡ್ಡಿತ್ತು ಸ್ವಾಮೀ. ಪೇಟೆಗೆ ಹೋಗಿ ಚಹದಂಗಡಿ ಇಡೋಣ ಅಂತಿದ್ದೇನೆ. ಈ ಕೈಯಲ್ಲಿ ಚಹ ಸೋಸಬಹುದು, ನೇಗಿಲು ಹಿಡಿಯಲಾಗದು. ಇಪ್ಪತ್ತು ಸಾವಿರಕ್ಕೆ ಅಂಗಡಿಯೂ ಬರುವುದಿಲ್ಲ, ಎತ್ತೂ ಉಳಿಯುವುದಿಲ್ಲ."

ದಲ್ಲಾಳಿ ನಡುವೆ ಬಂದ. "ಅದೆಲ್ಲ ಇರಲಿ. ಜಗ್ಗಿದ ಮೇಲೆ ಮುಗಿಯಿತು. ಹಿಡಿದ ಬೆಲೆ ಬಿಟ್ಟರೆ ನಾಳೆ ಯಾವ ಸಂತೆಯಲ್ಲೂ ನಿಮ್ಮ ಕೈಗೆ ಯಾರೂ ಕೈ ಕೊಡೋದಿಲ್ಲ, ಸಾಹುಕಾರರೇ."

ಅವನ ಮಾತು ಸುಳ್ಳಲ್ಲ. ವ್ಯಾಪಾರಿಗೆ ತನ್ನ ಹಿಡಿತದ ಮೇಲಿನ ನಂಬಿಕೆಯೇ ಬಂಡವಾಳ. ಅವನು ರೈತನ ಕೈ ಬಿಟ್ಟು ವಸ್ತ್ರವನ್ನು ಹೆಗಲಿಗೆ ಹಾಕಿಕೊಂಡ.

"ನಾನು ಹಿಡಿದದ್ದು ಕೈಯನ್ನು, ಬೆಲೆಯನ್ನಲ್ಲ" ಎಂದ. ಬಳಿಕ ರೈತನ ಕಡೆ ತಿರುಗಿ, "ಬಾಯಿ ಬಿಟ್ಟು ಹೇಳು, ಎಷ್ಟು?" ಎಂದು ಕೇಳಿದ.

ಆ ಸಂತೆಯಲ್ಲಿ ಹಾಗೆ ಯಾರೂ ಕೇಳಿದ್ದಿಲ್ಲ. ರೈತನಿಗೆ ನಾಲ್ಕು ಜನರ ಎದುರು ಬಟ್ಟೆ ಬಿಚ್ಚು ಎಂದಂತಾಯಿತು. ಕೊನೆಗೆ ನೆಲ ನೋಡುತ್ತ "ಎಂಬತ್ತು" ಎಂದ. ವ್ಯಾಪಾರಿ ಎಪ್ಪತ್ತೈದಕ್ಕೆ ಮುಗಿಸಿದ. ವ್ಯಾಪಾರಿ ವ್ಯಾಪಾರಿಯೇ.

ಪಕ್ಕದಲ್ಲಿದ್ದ ಮುದುಕ ಹತ್ತಿರ ಬಂದ. "ಬಾಯಲ್ಲಿ ಹೇಳಬಹುದೇ, ಸಾಹುಕಾರರೇ?"

"ಹೇಳಬಹುದು."

ಮುದುಕ ಕಂಬಳಿ ಸರಿಸಿದ. ಅವನಿಗೆ ಹೆಬ್ಬೆರಳಿರಲಿಲ್ಲ. ಅವನ ಹಿಂದಿದ್ದವನು ಕಂಬಳಿ ಸರಿಸಿದ. ಅವನಿಗೆ ಮಣಿಕಟ್ಟಿನಿಂದಾಚೆ ಏನೂ ಇರಲಿಲ್ಲ. ಒಬ್ಬ ಹೆಂಗಸಿಗೆ ಎರಡು ಕೈಯೂ ಚೆನ್ನಾಗಿದ್ದವು. ಅವಳು ಗಂಡನ ಎತ್ತು ತಂದಿದ್ದಳು, ಗಂಡ ಇರಲಿಲ್ಲ. ಬೆಳಗಿನಿಂದ ಸದ್ದಿಲ್ಲದೆ ನಿಂತಿದ್ದ ಸಂತೆಯಲ್ಲಿ ಒಂದೊಂದಾಗಿ ಕಂಬಳಿ ಸರಿಯುತ್ತ ಹೋದವು. ಎಲ್ಲರೂ ಒಮ್ಮೆಗೇ ಬೆಲೆ ಕೂಗತೊಡಗಿದರು. ಅಗ್ಗಕ್ಕೆ ಸಿಗುತ್ತದೆಂದು ಬಂದ ವ್ಯಾಪಾರಿಗೆ ಒಂದು ಬೆಲೆಯೂ ಕೇಳಿಸಲಿಲ್ಲ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಅಡಿವೆಪ್ಪನಿಗೆ ತನ್ನ ಬೆರಳುಗಳನ್ನು ತಾನೇ ಬಿಗಿಯಾಗಿ ಹಿಡಿದುಕೊಂಡಿದ್ದು ಆಗ ಗೊತ್ತಾಯಿತು. "ಅಬ್ಬಾ ಗುರುಗಳೇ! ಸೋತವರ ಪಾಡು ಇಷ್ಟು ಘೋರವೇ?" ಎಂದ.

"ತಮ್ಮಾ, ಅದು ಗೆದ್ದವರ ಸಂತೆ."