ಹುಲುಗವ್ವ ಏರಿ ಕಡಿದದ್ದು

ನಮ್ಮಜ್ಜಿಯ ಅಜ್ಜಿಯೂ ಹುಟ್ಟಿರದ ಕಾಲದಲ್ಲಿ, ದೊಡ್ಡ ಕೆರೆಯ ಕೆಳಗೆ ಒಂದೂರಿತ್ತಂತೆ. ಊರಿನ ಕಟ್ಟಳೆ ಮಾಡುವವರು ಐವರು ಹಿರಿಯರು. ಬೇವಿನ ಕಟ್ಟೆಯ ಮೇಲೆ ಕೂತು ಮಾತಾಡಿ, ಒಪ್ಪಿಗೆಯಾದರೆ ಒಬ್ಬೊಬ್ಬರೂ ಒಂದೊಂದು ಕಲ್ಲಿಡಬೇಕು. ಐದು ಕಲ್ಲು ಬೀಳದೆ ಯಾವ ಕೆಲಸವೂ ಆಗಕೂಡದು. ನಾಲ್ವರು ಬರುತ್ತಿದ್ದರು. ಐದನೆಯವ ನಿಂಬಣ್ಣಗೌಡ ಬರುತ್ತಿರಲಿಲ್ಲ. ತನ್ನೊಂದು ಕಲ್ಲಿಗಾಗಿ ಊರೆಲ್ಲ ಕಾಯುವುದೇ ಅವನಿಗೊಂದು ಗತ್ತು ಅಂತಾರೆ.

ಕೆರೆ ಕಾಯುವ ನೀರಗಂಟಿ ಒಬ್ಬ ಹೆಂಗಸು, ಹುಲುಗವ್ವ. ಗಂಡ ಸತ್ತ ಮೇಲೆ ಗುದ್ದಲಿಯನ್ನು ತಾನೇ ಹಿಡಿದವಳು. ಹೆಂಗಸಿಗೆ ನೀರಿನ ಗುಣವೇನು ಗೊತ್ತು ಅಂದವರೇ ಆಮೇಲೆ ಅವಳನ್ನು ಕೇಳಿ ನಾಟಿ ಮಾಡುತ್ತಿದ್ದರಂತೆ.

ಒಂದು ವರ್ಷ ಹಸ್ತದ ಮಳೆ ಮೂರು ದಿನ ಬಿಡದೆ ಹೊಯ್ಯಿತು. ನಾಲ್ಕನೆಯ ಬೆಳಿಗ್ಗೆ ಹುಲುಗವ್ವ ನೋಡುತ್ತಾಳೆ, ಕೆರೆಯ ಮಣ್ಣಿನ ಏರಿಯ ಬುಡದಲ್ಲಿ ಕೆಸರು ನೀರು ಜಿನುಗುತ್ತಿದೆ. ತಿಳಿನೀರು ಜಿನುಗಿದರೆ ಅವಳು ಹೆದರುವವಳಲ್ಲ. ಕೆಸರು ಬಂತೆಂದರೆ ಏರಿ ಒಳಗೇ ಕರಗುತ್ತಿದೆ. ಕೆಳಗಿನ ಕೇರಿಯಲ್ಲಿ ಅರವತ್ತು ಮನೆ. ಸುತ್ತ ಹಳ್ಳ ತುಂಬಿ ಹೊರಬರಲು ದಾರಿಯಿಲ್ಲ. ಅಲ್ಲಿ ಅವಳ ಮಗಳು, ಐದು ದಿನದ ಬಾಣಂತಿ.

ಏರಿ ತಾನೇ ಒಡೆಯುವ ಮೊದಲು, ಕೇರಿಯಿಂದ ದೂರ ಅದರ ಗಟ್ಟಿ ಕಡೆಯಲ್ಲಿ ಕಡಿದು ಹೊಲಗಳ ಮೇಲೆ ನೀರು ಬಿಡಬೇಕೆಂದಳು. ಎಲ್ಲಿ ಕಡಿದರೂ ಐವರಲ್ಲಿ ಒಬ್ಬರ ಹೊಲ ಕೊಚ್ಚಿಹೋಗುತ್ತದೆ. ನನ್ನದು ಬೇಡ, ನನ್ನದು ಬೇಡ ಅಂತ ಕಟ್ಟೆಯ ಮೇಲಿದ್ದ ನಾಲ್ವರೂ ಹಟ ಹಿಡಿದರಂತೆ. ಗೌಡ ಗರಡಿಯಲ್ಲಿ ಕುಸ್ತಿ ನೋಡುತ್ತ ಕೂತಿದ್ದ. ತಳವಾರ ಓಡಿಹೋಗಿ ಕರೆದ.

"ಬರ್ತೀನಿ ಹೋಗಲೇ. ಕೆರಿ ಏನು ಎದ್ದು ಓಡಿ ಹೋಗತೈತೇನು?"

ಎರಡನೆಯ ಸಲ ಕರೆದಾಗ ತಿರುಗಿಯೂ ನೋಡಲಿಲ್ಲ. ಇತ್ತ ಬೆರಳಿನಷ್ಟಿದ್ದ ಜಿನುಗು ತೋಳಿನಷ್ಟಾಯಿತು. ಹುಲುಗವ್ವ ಕಟ್ಟೆಯ ಕಡೆ ನೋಡಿದಳು. ನಾಲ್ವರೂ ಇನ್ನೂ ತಂತಮ್ಮ ಹೊಲದ ಮಾತೇ ಆಡುತ್ತಿದ್ದರು. ಅವಳು ಗುದ್ದಲಿ ಎತ್ತಿ, ಗೌಡನ ಹೊಲದ ಕಡೆ ಏರಿ ಕಡಿದೇಬಿಟ್ಟಳು.

ಆಗ ಬಂದ ನೋಡಿ ಗೌಡ, ಮೊಣಕಾಲುದ್ದದ ನೀರಿನಲ್ಲಿ ಬಿದ್ದು ಎದ್ದು. "ಯಾರನ್ನ ಕೇಳಿ ಕಡದೀ?"

"ಕಟ್ಟಿ ಮ್ಯಾಲೆ ಕುಂತವರನ್ನೆಲ್ಲ ಕೇಳೀನ್ರಿ ಗೌಡ್ರ. ನಿಮ್ಮ ಹೊಲದ ಪರವಾಗಿ ಮಾತಾಡಾಕ ಅಲ್ಲಿ ಯಾರೂ ಇರಲಿಲ್ಲ."

ಕೇರಿ ಉಳಿಯಿತು. ಗೌಡನ ಹೊಲ ಹೋಯಿತು. ಐದು ಕಲ್ಲಿಲ್ಲದೆ ಏರಿ ಮುಟ್ಟಿದವರು ಊರು ಬಿಡಬೇಕೆಂಬುದು ಹಳೆಯ ಕಟ್ಟಳೆ. ಮರುದಿನ ಕಟ್ಟೆಗೆ ಎಲ್ಲರಿಗಿಂತ ಮೊದಲು ಬಂದವನು ಗೌಡನೇ. ಹುಲುಗವ್ವ ಕೈಮುಗಿಯಲಿಲ್ಲ, ಅಳಲಿಲ್ಲ. ಹೋಗುತ್ತೇನೆ, ಆದರೆ ಮೊದಲು ಇನ್ನೊಂದು ಕಟ್ಟಳೆಗೆ ಕಲ್ಲಿಡಿ ಅಂದಳಂತೆ: ಇನ್ನು ಮೇಲೆ ಏರಿ ಕಡಿಯಬೇಕಾಗಿ ಬಂದರೆ, ಸಭೆಗೆ ಬಾರದವನ ಹೊಲವೇ ನೀರಿಗೆ ದಾರಿ. ನಾಲ್ವರು ನಾಲ್ಕು ಕಲ್ಲಿಟ್ಟರು. ಇವಳು ತೊಲಗಿದರೆ ಸಾಕೆಂಬ ಅವಸರದಲ್ಲಿ ಐದನೆಯ ಕಲ್ಲನ್ನು ಗೌಡನೇ ಇಟ್ಟ.

ಅವಳು ಗುದ್ದಲಿ ಹೆಗಲಿಗೇರಿಸಿ ಹೊರಟುಹೋದಳು. ಎಲ್ಲಿಗೆ ಅಂತ ಯಾರಿಗೂ ಗೊತ್ತಿಲ್ಲ.

ಈಗಲೂ ಆ ಊರಲ್ಲಿ ಹಿರಿಯನೊಬ್ಬ ಸಭೆ ತಪ್ಪಿಸಿದರೆ, ಹೆಂಗಸರು ಗುಂಪಾಗಿ ಹೋಗಿ ಅವನ ಹೊಲದ ಬದುವನ್ನು ಒಂದು ಮೊಳ ಕಡಿದು ಬರುತ್ತಾರೆ. ಅವನು ಬಂದು ಕಟ್ಟೆಯ ಮೇಲೆ ಕೂರುವ ತನಕ ಅದನ್ನು ಯಾರೂ ಮುಚ್ಚುವ ಹಾಗಿಲ್ಲ.