ದ್ವೀಪದ ಆಚೆಯ ಬದಿ

"ಗುರುಗಳೇ, ತಾನು ಹುಡುಕುತ್ತಿರುವುದು ತನಗೇ ಇನ್ನೂ ಸಿಗದವನು ಬೇರೆಯವರಿಗೆ ಕಲಿಸಬಹುದೇ?" ಎಂದು ಮಲ್ಲಿನಾಥ ಕೇಳಿದ.

ಅವನು ಆಶ್ರಮಕ್ಕೆ ಬಂದು ಹಲವು ವರ್ಷಗಳಾಗಿದ್ದವು. ಹಿಂದಿನ ದಿನ ಹೊಳೆಯಾಚೆಯ ಊರಿನವರು ಬಂದು, ತಮ್ಮ ಮಕ್ಕಳಿಗೆ ಅಕ್ಷರ ಕಲಿಸಲು ಅವನನ್ನು ಕಳಿಸಿಕೊಡಬೇಕೆಂದು ಗುರುಗಳಲ್ಲಿ ಬೇಡಿಕೊಂಡಿದ್ದರು. ಅವನಿಗೆ ಹೋಗುವ ಮನಸ್ಸಿರಲಿಲ್ಲ. ಬಂದ ಕೆಲಸವೇ ಆಗಿಲ್ಲ, ಈಗ ಹೊರಡುವುದು ಹೇಗೆ ಎಂಬುದು ಅವನ ಸಂಕಟ.

ಗುರುಗಳು ಒಂದು ಕತೆ ಹೇಳಿದರು.

ಕಡಲ ದಂಡೆಯ ಊರಿನಲ್ಲಿ ಒಬ್ಬ ದರ್ಜಿಯಿದ್ದ. ಅವನ ಅಂಗಡಿಯ ಎದುರಿಗೆ, ನೀರಿನಾಚೆ, ಒಂದು ದ್ವೀಪ. ದ್ವೀಪದ ನಡುವೆ ಒಂದು ಗುಡ್ಡ. ಸಂಜೆಯಾದರೆ ಹಕ್ಕಿಗಳ ಹಿಂಡು ಅಂಗಡಿಯ ಮೇಲಿಂದ ಹಾರಿ ಹೋಗಿ ಆ ಗುಡ್ಡದ ಹಿಂದೆ ಇಳಿಯುತ್ತಿತ್ತು. ಅವು ಎಲ್ಲಿ ಇಳಿಯುತ್ತವೆ? ಮರದ ಮೇಲೋ, ಬಂಡೆಯ ಮೇಲೋ? ಅಲ್ಲೊಂದು ಕೆರೆಯಿದ್ದೀತೋ? ಹೊಲಿಗೆ ಯಂತ್ರ ತುಳಿಯುತ್ತ ದರ್ಜಿ ಇದನ್ನೇ ಯೋಚಿಸುತ್ತಿದ್ದ. ಬಂದ ಗಿರಾಕಿಗಳನ್ನೆಲ್ಲ ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕೆಂದು ಯಾರಿಗೂ ಅನ್ನಿಸಿಯೂ ಇರಲಿಲ್ಲ.

ದ್ವೀಪಕ್ಕೆ ಒಂದು ಲಾಂಚ್ ಬೆಳಿಗ್ಗೆ ಹೋಗಿ ಸಂಜೆ ಮರಳುತ್ತಿತ್ತು. "ದ್ವೀಪದ ಸುತ್ತ ಮಣ್ಣಿನ ದಾರಿಯಿದೆ. ನಡೆದರೆ ಹೊತ್ತು ಸಾಲದು. ಸೈಕಲ್ ಇದ್ದರೆ ಸಂಜೆಯೊಳಗೆ ಸುತ್ತಿ ಬರಬಹುದು" ಎಂದು ಲಾಂಚಿನವನು ಹೇಳಿದ್ದ. ಇಂದು ಹೋಗೋಣ, ನಾಳೆ ಹೋಗೋಣ ಎನ್ನುತ್ತಲೇ ಬೇಸಿಗೆ ಕಳೆಯಿತು. ಮಳೆಗಾಲ ಹಿಡಿದರೆ ಲಾಂಚ್ ನಿಲ್ಲುತ್ತದೆ. ಅದು ಓಡುವ ಕೊನೆಯ ದಿನ ಬಂದಾಗ ದರ್ಜಿ ಅಂಗಡಿಗೆ ಬೀಗ ಹಾಕಿ, ಸೈಕಲ್ ತಳ್ಳಿಕೊಂಡು ಲಾಂಚ್ ಹೊರಡುವ ಧಕ್ಕೆಗೆ ಹೋದ.

ಲಾಂಚಿನವನು ಖಾಲಿ ಮೀನುಬುಟ್ಟಿಗಳ ಪಕ್ಕ ಸೈಕಲ್ ನಿಲ್ಲಿಸಿ, ಹಗ್ಗದಿಂದ ಕಂಬಿಗೆ ಬಿಗಿದ. ದರ್ಜಿಗೆ ಅಷ್ಟಕ್ಕೆ ಧೈರ್ಯ ಬರಲಿಲ್ಲ. ದ್ವೀಪ ಮುಟ್ಟುವವರೆಗೂ ಹ್ಯಾಂಡಲ್ ಹಿಡಿದುಕೊಂಡೇ ನಿಂತ.

ದ್ವೀಪದಲ್ಲಿ ಇಳಿದ ಜಾಗದಲ್ಲಿ ಒಂದೇ ಒಂದು ಮನೆ. ಜಗಲಿಯ ಮೇಲೆ ಒಬ್ಬ ಹೆಂಗಸು ಹರಿದ ಬಲೆ ಹೆಣೆಯುತ್ತಿದ್ದಳು. ಅವನನ್ನು ಕಂಡು ಎದ್ದು ಬಂದಳು.

"ನೀವು ದರ್ಜಿಯಣ್ಣ ಅಲ್ಲವೇ? ನನ್ನ ಮದುವೆಯ ರವಿಕೆ ಹೊಲಿದವರು. ಈ ಸೈಕಲ್ ತಂದು ಎಲ್ಲಿಗೆ ಹೊರಟಿರಿ?"

"ಆಚೆಯ ಬದಿ ನೋಡಲು ಬಂದೆ. ಹಕ್ಕಿಗಳು ಇಳಿಯುವ ಆ ಜಾಗದಲ್ಲಿ ಏನಿದೆ ತಾಯಿ? ನೀನು ನೋಡಿರಬೇಕಲ್ಲ?"

"ಎಲ್ಲಿ ನೋಡಲಿ? ಮದುವೆಯಾಗಿ ಬಂದಾಗಿನಿಂದ ಬರೀ ಕೇಳುತ್ತಿದ್ದೇನೆ. ಅಲ್ಲಿ ಅಲೆ ಬಡಿದರೆ ನಗಾರಿ ಬಡಿದ ಹಾಗೆ ಸದ್ದು. ಇಲ್ಲಿಯ ಅಲೆಗೆ ಆ ಸದ್ದೇ ಇಲ್ಲ. ಅದು ಯಾವುದಕ್ಕೆ ಬಡಿಯುತ್ತದೆಯೋ ಏನೋ!"

"ನೋಡಿಕೊಂಡು ಬಂದು ಹೇಳುತ್ತೇನೆ" ಎಂದು ದರ್ಜಿ ಪೆಡಲಿನ ಮೇಲೆ ಕಾಲಿಟ್ಟ.

ಹೆಂಗಸು ಹ್ಯಾಂಡಲ್ ಹಿಡಿದಳು. "ಹೇಳುವುದು ಬೇಡ ಅಣ್ಣಾ. ಇದನ್ನು ಹತ್ತಲು ಕಲಿಸಿ. ನಾನೇ ನೋಡಿ ಬರುತ್ತೇನೆ."

ದರ್ಜಿ ನಕ್ಕ. ಅವಳು ನಗಲಿಲ್ಲ.

ಅವಳ ಗಂಡ ಮೀನಿಗೆ ಹೋಗಿದ್ದ. ಒಳಗೆ ಹಾಸಿಗೆ ಹಿಡಿದ ಅತ್ತೆ. ಅವಳಿಗೆ ಉಣ್ಣಿಸಬೇಕು, ಮಗ್ಗುಲು ಬದಲಿಸಬೇಕು, ಕೂಗಿದಾಗ ನೀರು ಕೊಡಬೇಕು. ಒಂದು ಊಟಕ್ಕೂ ಇನ್ನೊಂದು ಊಟಕ್ಕೂ ನಡುವೆ ಸಿಗುವ ಬಿಡುವಿನಲ್ಲಿ ನಡೆದು ಹೋಗಿ ಬರುವಷ್ಟು ಹತ್ತಿರವಿರಲಿಲ್ಲ ಆಚೆಯ ಬದಿ. ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋಗೋಣವೆಂದರೆ ಮುದುಕಿಯ ಬಳಿ ಯಾರಾದರೂ ಇರಬೇಕು. ಒಬ್ಬರು ಹೋದರೆ ಒಬ್ಬರು ಉಳಿಯಬೇಕು.

ದರ್ಜಿ ಗುಡ್ಡದ ಕಡೆ ನೋಡಿದ. ಕಲಿಸಲು ನಿಂತರೆ ತನ್ನ ಸುತ್ತಾಟ ತಪ್ಪಿತು. ಇಂದು ತಪ್ಪಿದರೆ ಮಳೆಗಾಲ ಮುಗಿಯಬೇಕು. ಆಗುವುದಿಲ್ಲ ಎಂದು ಹೇಳಲು ಬಾಯಿ ತೆರೆದ. ಆದರೆ ಅವಳು ಆಗಲೇ ಸೀರೆಯನ್ನು ಮೇಲೆತ್ತಿ ಕಚ್ಚೆ ಬಿಗಿಯುತ್ತಿದ್ದಳು.

ದರ್ಜಿ ಸೈಕಲ್ ತಿರುಗಿಸಿದ.

ಅವಳು ಬಿದ್ದಳು. ಎದ್ದು ಹತ್ತಿದಳು, ಮತ್ತೆ ಬಿದ್ದಳು. ಬಲಕ್ಕೆ ವಾಲಿದರೆ ಎಡಕ್ಕೆ ಎಳೆಯುತ್ತಿದ್ದಳು. ದರ್ಜಿ ಸೀಟು ಹಿಡಿದು ಮರಳಿನಲ್ಲಿ ಹಿಂದೆ ಹಿಂದೆ ಓಡಿದ. ಬಿಸಿಲೇರಿತು. ನಡುನಡುವೆ ಅವನ ಕಣ್ಣು ಗುಡ್ಡದ ಮೇಲೆ ಹೋಗುತ್ತಿತ್ತು. ಬಂದ ದಿನ ವ್ಯರ್ಥವಾಯಿತಲ್ಲ ಎಂದು ಒಳಗೇ ಗೊಣಗಿಕೊಳ್ಳುತ್ತಿದ್ದ. ಒಂದು ಸಲ ಅವಳ ಮೇಲೆ ರೇಗಿದ. "ಚಕ್ರ ನೋಡಬೇಡ, ದಾರಿ ನೋಡು!"

ಅವಳು ದಾರಿ ನೋಡಿದಳು. ಸೈಕಲ್ ನೇರವಾಯಿತು. ಅವನಿಗೆ ಅರಿವಿಲ್ಲದೆಯೇ ಅವನ ಕೈ ಸೀಟು ಬಿಟ್ಟಿತು. ಅವನು ಇನ್ನೂ ಹಿಡಿದಿದ್ದಾನೆಂದೇ ತಿಳಿದು ಅವಳು ಮಾತಾಡುತ್ತ ಮುಂದೆ ಹೋದಳು. ದರ್ಜಿ ಮರಳಿನಲ್ಲಿ ನಿಂತುಬಿಟ್ಟ. ಆ ಗಳಿಗೆಯಲ್ಲಿ ಅವನಿಗೆ ಗುಡ್ಡದ ನೆನಪಿರಲಿಲ್ಲ.

ಮಧ್ಯಾಹ್ನ ಅತ್ತೆಗೆ ಉಣ್ಣಿಸಿ ಅವಳು ಹೊರಟಳು. ದಾರಿ ತಿರುಗುವಲ್ಲಿ ಸ್ವಲ್ಪ ತೂರಾಡಿ ಮರೆಯಾದಳು.

ದರ್ಜಿ ಮುದುಕಿಯ ಬಳಿ ಕುಳಿತ. ಕೇಳಿದಾಗ ನೀರು ಕೊಟ್ಟ. ಒಂದು ಸಲ ಮಗ್ಗುಲು ಬದಲಿಸಿದ.

"ಬೆಳಗಿನಿಂದ ಅವಳು ಬೀಳುವ ಸದ್ದು ಕೇಳುತ್ತಿದ್ದೆ" ಎಂದಳು ಮುದುಕಿ. "ಈಗ ಕೇಳುತ್ತಿಲ್ಲ. ಹೋದಳೇ?"

"ಹೋದಳಮ್ಮ."

"ಒಳ್ಳೆಯದಾಯಿತು" ಎಂದು ಮುದುಕಿ ಕಣ್ಣು ಮುಚ್ಚಿದಳು.

ಹೊತ್ತು ಇಳಿಯಿತು. ಲಾಂಚ್ ಹೊರಡುವ ಮುನ್ನ ಕೂಗು ಹಾಕಿತು. ಅವಳ ಸುಳಿವಿಲ್ಲ. ದರ್ಜಿ ಬಾಗಿಲಿಗೂ ಹಾಸಿಗೆಗೂ ಓಡಾಡಿದ. ಎಲ್ಲಾದರೂ ಬಿದ್ದಿದ್ದಾಳೋ ಎಂದು ದಾರಿಯ ತಿರುವನ್ನೇ ನೋಡಿದ. ಎರಡನೆಯ ಕೂಗಿಗೆ ಅವಳು ಬಂದಳು. ಮೊಣಕಾಲು ತರಚಿತ್ತು. ಮೈಯೆಲ್ಲ ಒದ್ದೆ.

"ಬಂಡೆ ಒಳಗೆ ಟೊಳ್ಳು ಅಣ್ಣಾ!" ಎಂದಳು, ಇಳಿಯುವ ಮೊದಲೇ. "ಅಲೆ ಕೆಳಗಿನಿಂದ ನುಗ್ಗುತ್ತದೆ. ಮೇಲೊಂದು ತೂತಿದೆ. ಅಲ್ಲಿಂದ ತೆಂಗಿನ ಮರದೆತ್ತರಕ್ಕೆ ಚಿಮ್ಮುತ್ತದೆ. ಸದ್ದು ಅದರದೇ! ನಾನು ಅದರ ಕೆಳಗೇ ನಿಂತುಬಿಟ್ಟೆ."

"ಹಕ್ಕಿಗಳು? ಹಕ್ಕಿಗಳು ಇಳಿಯುವ ಜಾಗ ಕಂಡಿತೇ?"

ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ, ಹಕ್ಕಿ ನೋಡಲೇ ಇಲ್ಲವಲ್ಲ!"

ಇಬ್ಬರೂ ನಕ್ಕರು. ದರ್ಜಿ ಸೈಕಲ್ ತೆಗೆದುಕೊಂಡು ಲಾಂಚ್ ಹತ್ತಿದ. ಮಳೆಗಾಲ ಕಳೆದ ಮೇಲೆ ಆ ಮನೆಗೂ ಒಂದು ಸೈಕಲ್ ಬಂತಂತೆ.

ಗುರುಗಳು ಕತೆ ನಿಲ್ಲಿಸಿದರು. ಮಲ್ಲಿನಾಥ ಇನ್ನೂ ಏನೋ ಬರುತ್ತದೆಂದು ಕಾದ. ಬರಲಿಲ್ಲ.

"ಹಾಗಾದರೆ ತಾನು ನೋಡಲು ಹೋದದ್ದನ್ನು ದರ್ಜಿ ನೋಡಲೇ ಇಲ್ಲವಲ್ಲ ಗುರುಗಳೇ?" ಎಂದು ಕೇಳಿದ.

"ಇಲ್ಲ" ಎಂದರು ಗುರುಗಳು. "ಸೈಕಲ್ ಕಲಿಸಲು ಅದನ್ನು ನೋಡಿರಬೇಕಾಗಿರಲಿಲ್ಲ."

ಮಲ್ಲಿನಾಥ ಎದ್ದು ಹೊಳೆಯ ಕಡೆ ಹೊರಟ.